ಮೊದಲ ನೀರು

ಫೆಬ್ರವರಿ 11

ಅಕ್ಕಾ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೀವಿ ಅಂತ ಶುರು ಮಾಡೋಕೆ ಕೈ ಬರ್ತಿಲ್ಲ. ನನ್ನ ತಂತಿ ಸಿಕ್ಕಿರುತ್ತೆ. ಅಮ್ಮನ್ನ ಮೊನ್ನೆ ಮಣ್ಣು ಮಾಡಿದ್ವಿ. ಅಷ್ಟು ದೂರದಿಂದ ನೀನು ಬಂದು ಮುಟ್ಟೋ ತನಕ ಇಟ್ಟುಕೊಳ್ಳೋಕೆ ಆಗ್ತಿರಲಿಲ್ಲ, ಬೇಜಾರು ಮಾಡ್ಕೋಬೇಡ.

ಹೇಗೆ ಹೋದಳು ಅಂತ ಕೇಳ್ತೀಯ. ಚರ್ಚಿನ ಬಲಿಪೀಠದ ಬಟ್ಟೆ ಇಸ್ತ್ರಿ ಮಾಡ್ತಾ ಇದ್ದಳು. ನಾನು ಗಾರೆ ಕೆಲಸಕ್ಕೆ ಹೊರಡೋಕೆ ಅಂತ ಕರಣೆ, ಮಟ್ಟಗೋಲು ಚೀಲಕ್ಕೆ ತುಂಬ್ತಿದ್ದೆ. ಸುಟ್ಟ ವಾಸನೆ ಬಂತು. ಅಮ್ಮನ ಕೈಯಲ್ಲಿ ಬಟ್ಟೆ ಸುಡೋದು ಅಂದ್ರೇನು! ನಾನು ನಗ್ತಾನೇ ಒಳಗೆ ಹೋದೆ, ರೇಗಿಸೋಣ ಅಂತ. ಮೇಜಿನ ಮೇಲೆ ತಲೆ ಇಟ್ಟಿದ್ದಳು. ಇಸ್ತ್ರಿಪೆಟ್ಟಿಗೆ ಬಟ್ಟೆ ಮೇಲೇ ಇತ್ತು. ಜಪಸರ ಹೇಳ್ತಾ ಹೇಳ್ತಾ ನಿದ್ದೆ ಹೋಗಿ, ಎದ್ದು ಅದೇ ಮಣಿಯಿಂದ ಮುಂದುವರಿಸ್ತಿದ್ದಳಲ್ಲ, ಹಾಗೇ ಏಳ್ತಾಳೆ ಅಂತ ಒಂದು ಗಳಿಗೆ ಸುಮ್ಮನೆ ನಿಂತಿದ್ದೆ ಕಣೇ.

ಅಪ್ಪ ಅಳಲಿಲ್ಲ. ಊರಿನ ಅರ್ಧ ಜನಕ್ಕೆ ಗುಂಡಿ ತೋಡಿದ ಮನುಷ್ಯ, ಹೆಂಡತಿ ಗುಂಡಿ ಮುಂದೆ ಕೋಲು ಊರಿಕೊಂಡು ನಿಂತು, ಈಗ ಗುಂಡಿ ತೋಡೋ ಹುಡುಗನಿಗೆ "ಇನ್ನೂ ಒಂದಡಿ ತೋಡು, ನನಗೂ ಇದೇ ಜಾಗ, ಮೇಲೆ ಸಾಲಲ್ಲ" ಅಂತ ಲೆಕ್ಕ ಹೇಳ್ತಿದ್ದರು. ಆ ಸುಟ್ಟ ಬಟ್ಟೆ ಮಡಚಿ ಅಮ್ಮನ ಶವಪೆಟ್ಟಿಗೇಲಿ ಇಟ್ಟರು. ಅಷ್ಟೇ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಮುಂದಿನ ತಿಂಗಳ ಕೊನೇ ಭಾನುವಾರ ಅಮ್ಮನ ಹೆಸರಲ್ಲಿ ಪೂಜೆ. ಹೊಸ ಗುರುಗಳು, ಚಿಕ್ಕ ವಯಸ್ಸಿನವರು, "ನಿಮ್ಮ ತಾಯಿ ಜೀವನದ ಬಗ್ಗೆ ಒಂದು ಹಾಳೆ ಬರ್ಕೊಂಡು ಬಂದು ಓದಿ" ಅಂದಿದ್ದಾರೆ. ನನಗೆ ಗೋಡೆ ಕಟ್ಟೋಕೆ ಬರುತ್ತೆ, ಮಾತು ಕಟ್ಟೋಕೆ ಬರಲ್ಲ. ಅದೂ ಅಲ್ಲದೆ ನಾನು ಹುಟ್ಟೋ ಮೊದಲಿನ ಅಮ್ಮ ನಿನಗೇ ಗೊತ್ತು. ಬರೆದು ಕಳಿಸು.

ಗೋರಿಗೆ ಕಲ್ಲು ನಾನೇ ಸಿಮೆಂಟಲ್ಲಿ ಎರಕ ಹೊಯ್ತೀನಿ, ಪೇಟೆಯಿಂದ ತರಿಸಲ್ಲ. ಅದರ ಮೇಲೆ ಹೀಗೆ ಬರೆಸೋಣ ಅಂತ: "ದೇವಭಕ್ತೆ. ಗಂಡನ ಮಾತು ಎಂದೂ ಮೀರದವಳು. ಇಬ್ಬರು ಮಕ್ಕಳ ತಾಯಿ. ಮೊಮ್ಮಗಳ ಮುದ್ದಿನ ಅಜ್ಜಿ." ಹೇಗಿದೆ?

ನಿನ್ನ ತಮ್ಮ

*

ಫೆಬ್ರವರಿ 23

ಲೋ ಮೊಂಡ,

ನಿನ್ನ ಕಾಗದ ಒಂದೇ ಸಲಕ್ಕೆ ಓದಿ ಮುಗಿಸೋಕೆ ಆಗಲಿಲ್ಲ. ಇಸ್ತ್ರಿಪೆಟ್ಟಿಗೆ ತನಕ ಓದೋದು, ಮಡಚಿ ಇಡೋದು. ತಂತಿ ಬಂದ ದಿನ ನಾನು ರಜ ಕೂಡ ಹಾಕಲಿಲ್ಲ. ಈ ವೃದ್ಧಾಶ್ರಮದಲ್ಲಿ ದಾದಿಯರೇ ಕಡಿಮೆ. ಅಮ್ಮ ಪೆಟ್ಟಿಗೇಲಿ ಮಲಗಿದ್ದ ಹೊತ್ತಲ್ಲಿ ನಾನು ಇನ್ಯಾರದೋ ಅಮ್ಮಂದಿರಿಗೆ ತಲೆ ಬಾಚ್ತಿದ್ದೆ. ಒಬ್ಬ ಅಜ್ಜಿ "ಯಾಕೆ ಮಗಾ, ಬಾಚಿದ್ದನ್ನೇ ಮತ್ತೆ ಬಾಚ್ತಿದ್ದೀಯ" ಅಂದಳು. ಸಿಕ್ಕಾಗಿದೆ ಅಜ್ಜಿ ಅಂದೆ.

ಹಾಳೆಗೆ ಇಷ್ಟು ಬರ್ಕೋ. ಅಮ್ಮ ಮದುವೆಯಾಗಿ ಆ ಮನೆಗೆ ಬಂದ ವರ್ಷದಿಂದ ಚರ್ಚಿನ ಬಟ್ಟೆ ತೊಳೆದಳು. ಒಂದು ವಾರವೂ ತಪ್ಪಲಿಲ್ಲ. ಜ್ವರ ಬಂದಾಗ ನನ್ನ ಕೈಲಿ ತೊಳೆಸಿ, ಹಾಸಿಗೆಯಿಂದಲೇ ಬೈದಳು. ಒಣಗಿದ ಬಟ್ಟೇನ ಕಿಟಕಿ ಬೆಳಕಿಗೆ ಹಿಡಿದು ಒಂದೊಂದು ಎಳೆ ನೋಡೋಳು. "ಬಿಡಮ್ಮ, ದೇವರಿಗೆ ಇಷ್ಟು ಕಲೆ ಕಾಣಲ್ಲ" ಅಂದ್ರೆ, "ದೇವರಿಗೆ ಕಾಣದೇ ಇರಬಹುದು ಕಣೇ, ಮುಂದಿನ ಬೆಂಚಿನ ಮುದುಕಿಯರಿಗೆ ಕಾಣುತ್ತೆ" ಅನ್ನೋಳು. ಹಾಡೋಕೆ ಬರ್ತಿರಲಿಲ್ಲ, ಆದರೆ ಎಲ್ಲರಿಗಿಂತ ಜೋರಾಗಿ ಹಾಡೋಳು. ಹಳೇ ಗುರುಗಳು ಒಂದು ಸಲ ಮೆತ್ತಗೆ ಹೇಳಿ ನೋಡಿದರು. ಎಮ್ಮೆ ಮೇಲೆ ಮಳೆ ಸುರಿದ ಹಾಗಾಯ್ತು.

ಅಪ್ಪನಿಗೆ ಮಾತ್ರ ಎದುರು ಮಾತಾಡಿದ್ದು ನಾನು ಕಂಡಿಲ್ಲ. ಅಪ್ಪ ಗುಂಡಿ ತೋಡಿ ಬಂದ ದಿನ ಬಿಸಿನೀರು ಕಾಯಿಸಿ ಇಟ್ಟು, ಉಗುರಿನ ಮಣ್ಣು ತಾನೇ ತೆಗೆಯೋಳು. ಯಾರದು, ಎಷ್ಟು ಆಳ ಅಂತ ಒಂದು ದಿನವೂ ಕೇಳಲಿಲ್ಲ.

ನಿನ್ನ ಮಗಳಿಗೂ ಹೇಳು, ಅಜ್ಜಿ ಬಟ್ಟೆಗಳ ಮೊದಲ ನೀರು ಯಾಕೆ ಚರಂಡಿಗೆ ಚೆಲ್ತಿರಲಿಲ್ಲ ಅಂತ. ಪರಮಪ್ರಸಾದದ ರೊಟ್ಟಿಯ ಕಣ ಏನಾದರೂ ಬಟ್ಟೇಲಿ ಉಳಿದಿದ್ದರೆ ಅದು ಕೊಚ್ಚೆಗೆ ಹೋಗಬಾರದು, ನೆಲಕ್ಕೇ ಸೇರಬೇಕು, ಅದು ನಿಯಮ. ಅದಕ್ಕೇ ಹಿತ್ತಲಿಗೆ ಹಾಕೋದು. ಇದನ್ನ ಓದೋ ಹಾಳೇಲಿ ಸೇರಿಸಬೇಡ, ಸುಮ್ಮನೆ ಹೇಳಿದೆ.

ಕಲ್ಲಿನ ಮಾತು. "ಇಬ್ಬರು" ಅನ್ನೋದು ತೆಗಿ. ಬರೀ "ತಾಯಿ" ಅಂತ ಇರಲಿ, ನೋಡೋಕೆ ಚೆನ್ನಾಗಿರುತ್ತೆ. ಆಮೇಲೆ ಆ ಎರಡನೇ ಸಾಲು ನೀನು ಬರೆದದ್ದಾ, ಅಪ್ಪ ಬರೆಸಿದ್ದಾ?

ಅಪ್ಪನ್ನ ನೋಡ್ಕೋ. ಕಾಲು ಹೇಗಿದೆ ಬರಿ.

ಅಕ್ಕ

*

ಮಾರ್ಚ್ 6

ಅಕ್ಕಾ,

ನಿನ್ನ ಕಾಗದ ಬರೋ ಹೊತ್ತಿಗೆ ಕಲ್ಲು ಎರಕ ಹೊಯ್ದಾಗಿತ್ತು. ತಗಡಲ್ಲಿ ಅಕ್ಷರ ಕತ್ತರಿಸಿ, ಅಚ್ಚಿನೊಳಗೆ ತಿರುಗುಮುರುಗಾಗಿ ಅಂಟಿಸಿ, ಉಸಿರು ಬಿಗಿಹಿಡಿದು ಮಾಡಿದ್ದೀನಿ. ಇನ್ನು "ಇಬ್ಬರು" ತೆಗಿ ಅಂದ್ರೆ? ಒಣಗಿದ ಸಿಮೆಂಟು ನನ್ನ ಹಾಗೇ, ಹೇಳಿದ ಮಾತು ಕೇಳಲ್ಲ. ನಾವಿರೋದು ಇಬ್ಬರೇ ತಾನೇ, ಬರೆದರೆ ತಪ್ಪೇನು? ಅಪ್ಪನೂ ನಿನ್ನ ಥರಾನೇ. ಕಲ್ಲು ನೋಡಿ, ಆ ಪದದ ಮೇಲೆ ಬೆರಳಿಟ್ಟು "ಲೆಕ್ಕ ತಪ್ಪು" ಅಂದರು. ಏನಪ್ಪಾ ತಪ್ಪು ಅಂದ್ರೆ ಮತ್ತೆ ಅದೇ ಪದದ ಮೇಲೆ ಬೆರಳಿಟ್ಟರು. ಪಾಪ, ಅಮ್ಮ ಹೋದಮೇಲೆ ತಲೆ ಸ್ವಲ್ಪ ಹಿಂದೆ ಮುಂದೆ ಆಗಿದೆ.

ಎರಡನೇ ಸಾಲು ನಂದೇ. ಅಪ್ಪ ಅದನ್ನ ಎರಡು ಸಲ ಓದಿ ಎದ್ದು ಹೋದರು. ಕಣ್ಣಲ್ಲಿ ನೀರಿತ್ತು. ಅಷ್ಟು ಹಿಡಿಸಿದೆ ಅವರಿಗೆ.

ಕಾಲಿನ ವಿಷಯ ಕೇಳಿದೆಯಲ್ಲ, ಅದೇ ದೊಡ್ಡ ತಲೆನೋವು. ಹಿತ್ತಲ ಕಕ್ಕಸಿಗೆ ಮೆಟ್ಟಿಲು ಇಳಿದು ಹೋಗೋಕೆ ಆಗ್ತಿಲ್ಲ. ಎರಡು ಸಲ ಬಿದ್ದರು. ಅದಕ್ಕೇ ಅವರ ಕೋಣೆಗೆ ಅಂಟಿಸಿ ಹೊಸದೊಂದು ಕಟ್ಟಿಬಿಡೋಣ ಅಂತ. ಕಟ್ಟೋದೇನು, ನನ್ನ ಕೈಲೇ ಇರೋ ಕೆಲಸ. ಕಕ್ಕಸು ಗುಂಡಿಗೆ ಮಾತ್ರ ಜಾಗ ಒಂದೇ, ಆ ನಿಂಬೆ ಗಿಡ ಇರೋ ಕಡೆ. ಒಂದು ಕಡೆ ಬಾವಿ, ಒಂದು ಕಡೆ ಪಕ್ಕದ ಮನೆ ಗೋಡೆ. ಹದಿನಾರನೇ ತಾರೀಖು ಇಬ್ಬರು ಆಳು ಬರ್ತಾರೆ.

ಇದನ್ನ ಹೇಳಿದ ದಿನದಿಂದ ಅಪ್ಪ ಕುರ್ಚಿ ಹಾಕ್ಕೊಂಡು ನಿಂಬೆ ಗಿಡದ ಪಕ್ಕ ಕೂತುಬಿಟ್ಟಿದ್ದಾರೆ. ಬಿಸಿಲು ನೆತ್ತಿಗೆ ಹೊಡೀತಿದ್ದರೂ ಏಳಲ್ಲ. "ಬೇರೆ ಕಡೆ ತೆಗಿ" ಅಂತಾರೆ. ಬೇರೆ ಕಡೆ ಎಲ್ಲಪ್ಪಾ, ನನ್ನ ತಲೆ ಮೇಲಾ? ಅಂದೆ. ಗಿಡ ಕಾಯಿ ಬಿಟ್ಟು ಎಷ್ಟೋ ವರ್ಷ ಆಯ್ತು, ಅದಕ್ಕೆ ಇಷ್ಟು ಕಾವಲು!

ನಿನ್ನ ಮುದ್ದಿನ ಸೊಸೆ, ನನ್ನ ಮಗಳ ಕಥೆ ಕೇಳು. ಮೊದಲ ನೀರಿನ ವಿಷಯ ಅವಳಿಗೆ ಓದಿ ಹೇಳಿದೆ. "ನನಗೆ ಗೊತ್ತು, ಅಜ್ಜಿ ಗಿಡಕ್ಕೆ ಜ್ಞಾನಸ್ನಾನ ಕೊಡ್ತಿದ್ದಳು" ಅಂದಳು. ಏನೇ ಅದು ಅಂದ್ರೆ, ಚೊಂಬಲ್ಲಿ ನೀರು ತಂದು ಬುಡಕ್ಕೆ ಮೂರು ಸಲ ಹಾಕಿ, "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ" ಅಂತ ಮಾಡಿ ತೋರಿಸಿದಳು. ಅಜ್ಜಿ ಪ್ರತಿ ಸಲ ಹೀಗೇ ಮಾಡ್ತಿದ್ದಳಂತೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಪ್ಪ ಮಾತ್ರ ನಗಲಿಲ್ಲ.

ಇದನ್ನ ಹಾಳೇಲಿ ಸೇರಿಸಲಾ? ಗುರುಗಳಿಗೆ ಖುಷಿಯಾಗುತ್ತೆ.

ತಮ್ಮ

*

ತಂತಿ. ಮಾರ್ಚ್ 15

ಹಿತ್ತಲು ಅಗೆಯಬೇಡ. ಕಾಗದ ಬರ್ತಿದೆ. ಅಕ್ಕ.

*

ಮಾರ್ಚ್ 16

ಅಕ್ಕನವರಿಗೆ,

ನಿಮ್ಮ ತಂತಿ ಬೆಳಿಗ್ಗೆ ಸಿಕ್ಕಿತು. ಆಳುಗಳ ಮುಂದೆ, ನೆರೆಯವರ ಮುಂದೆ, ಅಂಚೆಯವನು ಜೋರಾಗಿ ಓದಿ ಹೇಳಿ ಹೋದ. ಬಹಳ ಸಂತೋಷ.

ನನಗೆ ಅರ್ಥ ಆಗದೇ ಇರೋಕೆ ನಾನೇನು ಎಳೇ ಮಗುವಾ? ಅಮ್ಮನ ಮಣ್ಣು ಒಣಗಿಲ್ಲ, ಹಿತ್ತಲಲ್ಲಿ ಒಂದು ಇಟ್ಟಿಗೆ ಬಿದ್ದರೆ ಎಲ್ಲಿ ಜಾಗ ನನ್ನದಾಗಿಬಿಡುತ್ತೋ ಅಂತ ನಿನಗೆ ಭಯ. ಪಾಲು ಬೇಕಿತ್ತಾ? ಬಾಯಿಬಿಟ್ಟು ಕೇಳಬೇಕಿತ್ತು. ಕಲ್ಲಿನ ಮೇಲೆ "ಇಬ್ಬರು" ಬೇಡ ಅಂದೆ. ಯಾವಾಗಿನಿಂದ ನಾನು ನಿನ್ನ ಲೆಕ್ಕಕ್ಕೆ ಇಲ್ಲ? ಅಪ್ಪ ಎರಡು ಸಲ ಬಿದ್ದಾಗ ಎತ್ತಿದ್ದು ನಾನು. ರಾತ್ರಿ ಬಟ್ಟೆ ಬದಲಾಯಿಸೋದು ನನ್ನ ಹೆಂಡತಿ. ದೂರ ಕೂತು ತಂತಿ ಹೊಡೆಯೋದು ಸುಲಭ. ಅಗೆದಿದ್ದೀನಿ. ನೀನು ಬೇಡ ಅಂದಿದ್ದಕ್ಕೇ ಅಗೆದೆ ಅಂತ ಬೇಕಾದರೂ ತಿಳ್ಕೋ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ನೀನೇ ಹೆಸರಿಟ್ಟಿದ್ದೀಯಲ್ಲ.

ಇವತ್ತು ಅಪ್ಪ ಮಾಡಿದ್ದೂ ಕೇಳು. ಕುರ್ಚಿಯಿಂದ ನಾನೇ ಎತ್ತಿ ಪಕ್ಕಕ್ಕೆ ಕೂರಿಸಿದೆ. ಗಿಡ ಕಿತ್ತೆವು. ಆಳು ಸೊಂಟದ ತನಕ ಇಳಿದಿದ್ದ. ಅಪ್ಪ ಎದ್ದು ಬಂದು "ನಿಲ್ಲಿಸು, ಇಲ್ಲಿಂದ ನಾನು" ಅಂದರು. ಕಾಲು ನಿಲ್ಲದ ಮನುಷ್ಯ ಗುಂಡಿಗೆ ಇಳಿದುಬಿಟ್ಟರು! ಸಲಿಕೆ ಕೊಟ್ಟರೆ ಮುಟ್ಟಲಿಲ್ಲ. ಬರಿಗೈಲಿ ಮಣ್ಣು ಬಗೆದು ಅಮ್ಮನ ಬಟ್ಟೆ ತೊಳೆಯೋ ಬಕೆಟ್ಟಿಗೆ ತುಂಬಿದರು. ಎಲ್ಲಿಗೆ ಅಂದ್ರೆ "ಅವಳ ಹತ್ತಿರಕ್ಕೆ" ಅಂತ. ಗೋರಿ ಮಣ್ಣು ಕುಸಿದಿದೆ ನಿಜ, ಅದಕ್ಕೆ ನಾನೇ ಒಂದು ಗಾಡಿ ಹಾಕಿಸ್ತಿದ್ದೆ. ಕೇಳಬೇಕಲ್ಲ. ಕೋಲು ಒಂದು ಕೈಲಿ, ಬಕೆಟ್ಟು ಒಂದು ಕೈಲಿ, ಬೀದಿ ಉದ್ದಕ್ಕೂ ಮಣ್ಣು ಚೆಲ್ಲಿಕೊಂಡು ಹೋಗಿ ಸುರಿದು ಬಂದರು. ಎರಡು ಸಲ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡ್ತಿದ್ದರು. ಮೂರನೇ ಬಕೆಟ್ಟು ತುಂಬೋ ಹೊತ್ತಿಗೆ ನನಗೆ ತಲೆ ಕೆಟ್ಟುಹೋಯ್ತು. "ಅರಳುಮರಳು ಹಿಡಿದಿದೆಯಾ ನಿಮಗೆ, ನನ್ನ ಮರ್ಯಾದೆ ಬೀದಿಪಾಲು ಮಾಡ್ತೀರಾ" ಅಂತ ಕೂಗಿ, ರಟ್ಟೆ ಹಿಡಿದು ಒಳಗೆ ಕರ್ಕೊಂಡು ಹೋಗಿ, ಕೋಣೇಲಿ ಕೂರಿಸಿ, ಹೊರಗಿನಿಂದ ಚಿಲಕ ಹಾಕಿದೆ. ಹಾಕದೆ ಏನು ಮಾಡಲಿ? ಆ ಬಕೆಟ್ಟನ್ನೂ ಮಿಕ್ಕ ಮಣ್ಣನ್ನೂ ಆಳು ಗಾಡಿಗೆ ಸುರಿದ. ಕೆಳಗಿನ ರಸ್ತೆ ತಗ್ಗಿಗೆ ಹೋಯ್ತು.

ಸ್ವಲ್ಪ ಹೊತ್ತು ಬಾಗಿಲು ತಟ್ಟಿದರು. ಈಗ ಸುಮ್ಮನಾಗಿದ್ದಾರೆ. ದಣಿದು ನಿದ್ದೆ ಬಂದಿರಬೇಕು. ಅಂಚೆ ಹೊರಡೋ ಮೊದಲು ಇದನ್ನ ಹಾಕಿಬಿಡ್ತೀನಿ, ಇಲ್ಲದಿದ್ದರೆ ನನ್ನ ಕೋಪ ಇಳಿದುಹೋಗುತ್ತೆ.

ತಮ್ಮ

*

ಮಾರ್ಚ್ 15

ನನ್ನ ತಮ್ಮಾ,

ತಂತಿ ಕೊಟ್ಟು ಈಗಷ್ಟೇ ಬಂದೆ. ಅದರಲ್ಲಿ ಇನ್ನೊಂದು ಮಾತು ಬರೆಯೋಕೆ ಆಗಲಿಲ್ಲ. ನಮ್ಮೂರಲ್ಲಿ ತಂತಿ ಬರ್ಕೊಳ್ಳೋನು ಚರ್ಚಲ್ಲಿ ಹಾಡೋನೇ, ಸಾಯಂಕಾಲದೊಳಗೆ ಊರಿಗೆಲ್ಲ ಗೊತ್ತಾಗ್ತಿತ್ತು. ಫೋನು ಅಂದ್ರೆ ಗುರುಗಳ ಮನೇಲಿ ಮಾತ್ರ. ಅಮ್ಮ ನನ್ನ ಕೈ ಬೈಬಲ್ ಮೇಲೆ ಇಡಿಸಿ, ಅಪ್ಪ ಇರೋ ತನಕ ಬಾಯಿ ಬಿಡಬೇಡ ಅಂದಿದ್ದಳು. ಈಗ ಬಿಡ್ತಿದ್ದೀನಿ. ಬಾಗಿಲು ಹಾಕ್ಕೊಂಡು ಓದು.

ನಿನಗಿಂತ ಮುಂಚೆ ಒಂದು ಮಗು ಹುಟ್ಟಿತ್ತು. ನನಗೆ ಏಳು ವರ್ಷ. ದಿನ ತುಂಬಿರಲಿಲ್ಲ, ಸೂಲಗಿತ್ತಿ ಬರೋಕೆ ಮೊದಲೇ ಹುಟ್ಟಿಬಿಡ್ತು. ಉಸಿರಾಡ್ತಿತ್ತು ಕಣೋ. ಬೆಕ್ಕಿನ ಮರಿ ಥರ ಒಂದು ಸದ್ದು ಮಾಡ್ತಿತ್ತು. ಅಪ್ಪ ನೋಡಿದರು. ಉಳಿಯಲ್ಲ ಅಂತ ಅವರಿಗೆ ಕಂಡಿತೇನೋ. "ಗುರುಗಳನ್ನ ಕರ್ಕೊಂಡು ಬರ್ತೀನಿ, ಜ್ಞಾನಸ್ನಾನ ಆಗಲಿ. ನಾನು ಬರೋ ತನಕ ಏನೂ ಮಾಡಬೇಡ, ಕಾಯಿ" ಅಂತ ಅಮ್ಮನಿಗೆ ಹೇಳಿ, ಚಪ್ಪಲಿ ಕೂಡ ಹಾಕದೆ ಓಡಿದರು. ಅವತ್ತು ಹಳೇ ಗುರುಗಳು ಯಾರೋ ಕಾಯಿಲೆಯವರನ್ನ ನೋಡೋಕೆ ದೂರ ಹೋಗಿದ್ದರು.

ಅಮ್ಮ ನನ್ನ ಕೈಲಿ ಒಂದು ಚೊಂಬು ನೀರು ತರಿಸಿ ಪಕ್ಕ ಇಟ್ಕೊಂಡಳು. ಅದರಲ್ಲಿ ಕೈ ಅದ್ದಿದಳು. ತೆಗೆದು ಸೆರಗಿಗೆ ಒರೆಸಿಕೊಂಡಳು. ಮತ್ತೆ ಅದ್ದಿದಳು. ಬಾಗಿಲು ನೋಡಿದಳು. ನೀರು ಬೆಚ್ಚಗಿದೆಯಾ ಅಂತ ನೋಡ್ತಿದ್ದಾಳೆ ಅಂದುಕೊಂಡೆ ನಾನು. ಆ ಸದ್ದು ನಿಂತಿತು. ಆಮೇಲೆ ಎಷ್ಟೋ ಹೊತ್ತಿಗೆ ಅಪ್ಪ, ಗುರುಗಳು ಬಂದರು. ಗುರುಗಳು ಮಗು ಕೆನ್ನೆ ಮುಟ್ಟಿ "ತಡ ಆಯ್ತು" ಅಂದರು.

ಆಗೆಲ್ಲ ಜ್ಞಾನಸ್ನಾನ ಆಗದ ಮಗೂಗೆ ಚರ್ಚಿನ ಸಮಾಧಿ ಜಾಗದಲ್ಲಿ ಎಡೆ ಇರಲಿಲ್ಲ. ಕುಡಿದು ಬಿದ್ದು ಸತ್ತವನಿಗೂ ಅಲ್ಲಿ ತೋಡಿದ್ದ ಅಪ್ಪ, ಒಂದು ಸಲ ಗುರುಗಳ ಮುಖ ನೋಡಿದರು. ಅವರು ತಲೆ ಅಲ್ಲಾಡಿಸಿದರು. ಅಪ್ಪ ಎರಡನೇ ಸಲ ಕೇಳಲಿಲ್ಲ. ಅದೇ ಸಲಿಕೆ ತಂದು ಹಿತ್ತಲಲ್ಲಿ ತೋಡಿದರು. ಅಮ್ಮ ಬಲಿಪೀಠದ ಒಂದು ಬಟ್ಟೇಲಿ ಸುತ್ತಿ ಕೊಟ್ಟಳು. ಮುಂದಿನ ವಾರದಿಂದ ಮೊದಲ ನೀರು ಅಲ್ಲಿಗೇ. ನಿಂಬೆ ಗಿಡ ಆಮೇಲೆ ನೆಟ್ಟದ್ದು, ಯಾರೂ ಅಲ್ಲಿ ತುಳಿಯದೇ ಇರಲಿ ಅಂತ. ನಿನ್ನ ಮಗಳು ಆಡಿ ತೋರಿಸಿದ್ದು ಆಟ ಅಲ್ಲ.

"ಊರಿಗೆಲ್ಲ ಗುಂಡಿ ತೋಡಿದೋನು ಸ್ವಂತ ಮಗೂಗೆ ಜಾಗ ಕೊಡಿಸಲಿಲ್ಲ ಅಂತ ಜನ ಆಡ್ಕೋಬಾರದು" ಅನ್ನೋಳು ಅಮ್ಮ. ಹೋದ ಸಲ ಬಂದಾಗ ಹೇಳಿದಳು: "ನಮ್ಮಿಬ್ಬರಲ್ಲಿ ಎರಡನೆಯವರು ಹೋದಾಗ ಗೋರಿ ಮತ್ತೆ ತೆಗೀತಾರಲ್ಲ, ಆಗ ಆ ಮಣ್ಣು ತಂದು ನಮ್ಮ ಮಧ್ಯೆ ಹಾಕು. ಇನ್ನೇನೂ ಕೇಳಲ್ಲ ನಿನ್ನ." ತಾಯಿ ಅಂತ ಅವಳು ನನ್ನನ್ನ ಕೇಳಿದ್ದು ಇದೊಂದೇ.

ಅದಕ್ಕೇ ಅಗೆಯಬೇಡ. ಗುಂಡಿ ಬೇಕಾದರೆ ಅಡುಗೆಮನೇಲಿ ತೆಗಿ. ನನ್ನ ಪಾಲು ಅಂತ ಏನಿದೆಯೋ ಅದನ್ನೆಲ್ಲ ನಿನ್ನ ಮಗಳಿಗೆ ಬರೆದುಕೊಡ್ತೀನಿ. ಆ ಜಾಗ ಒಂದು ಬಿಡು. ಅಪ್ಪನ ಕುರ್ಚಿ ಅಲ್ಲೇ ಇರಲಿ, ಅವರನ್ನ ಬೈಬೇಡ.

ಅಕ್ಕ

*

ಮಾರ್ಚ್ 30

ಅಕ್ಕಾ,

ಅಪ್ಪ ಹೋದ ತಂತಿ ಸಿಕ್ಕಿರುತ್ತೆ. ಹದಿನಾರಕ್ಕೆ ನಾನು ಬರೆದ ಕಾಗದವೂ ಸಿಕ್ಕಿರುತ್ತೆ. ಅದನ್ನ ಸುಡಬೇಡ, ಇಟ್ಟಿರು. ನಾನು ಎಂಥವನು ಅಂತ ಒಬ್ಬರಿಗಾದರೂ ಗೊತ್ತಿರಲಿ.

ಅವತ್ತು ಅಂಚೆಗೆ ಹಾಕಿ ಬಂದು ಚಿಲಕ ತೆಗೆದೆ. ಬಾಗಿಲು ತೆರೆಯಲಿಲ್ಲ. ಅಪ್ಪ ಒಳಗೆ ಬಾಗಿಲಿಗೆ ಅಡ್ಡ ಬಿದ್ದಿದ್ದರು. ತಳ್ಳಿ ಒಳಗೆ ಹೋದೆ. ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ಹೋಗಿತ್ತು. ಬಲಗೈ ಬೆರಳುಗಳ ತುಂಬ ಹಿತ್ತಲ ಮಣ್ಣು ಹಾಗೇ ಇತ್ತು. ಹೆಂಡತಿ ತೊಳೆಯೋಕೆ ಹೋದರೆ ಮುಷ್ಟಿ ಬಿಡಲಿಲ್ಲ. ನಿನಗೆ ಬರೆಯೋಕೆ ನನಗೆ ಮುಖ ಇರಲಿಲ್ಲ.

ನಿನ್ನ ಕಾಗದ ಇಪ್ಪತ್ತನಾಲ್ಕಕ್ಕೆ ಬಂತು. ನಾನೊಬ್ಬನೇ ಓದಿದೆ. ಆಮೇಲೆ ಅಪ್ಪನ ಪಕ್ಕ ಕೂತು ಜೋರಾಗಿ ಓದಿದೆ. ಯಾಕೆ ಓದಿದೆನೋ ಗೊತ್ತಿಲ್ಲ. ನನಗೆ ಗೊತ್ತಾಯ್ತು ಅಂತ ಅವರಿಗೆ ಗೊತ್ತಾಗಲಿ ಅನ್ನಿಸಿತು, ನನ್ನನ್ನ ಕ್ಷಮಿಸಲಿ ಅನ್ನಿಸಿತು. "ನಾನು ಬರೋ ತನಕ ಏನೂ ಮಾಡಬೇಡ, ಕಾಯಿ" ಅಂತ ಇದೆಯಲ್ಲ, ಅಲ್ಲಿಗೆ ಬಂದಾಗ ಅಪ್ಪ ಮುಖ ಗೋಡೆ ಕಡೆ ತಿರುಗಿಸಿಕೊಂಡರು. ಮತ್ತೆ ಈ ಕಡೆ ತಿರುಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಹೋದರು.

ಗುಂಡಿ ತೋಡೋ ಹುಡುಗನನ್ನ ಕಳಿಸಿ ನಾನೇ ತೋಡಿದೆ. ಮೇಲೆ ಅಪ್ಪ ಸುರಿದು ಹೋಗಿದ್ದ ಮಣ್ಣು ಬೇರೆಯಾಗೇ ಕಾಣ್ತಿತ್ತು. ಅಲ್ಲಿಯದು ಕೆಂಪು, ನಮ್ಮ ಹಿತ್ತಲದು ಕಪ್ಪು. ಅದನ್ನ ಕೈಲೇ ಬಳಿದು ಅಮ್ಮನ ಬಕೆಟ್ಟಿಗೆ ತುಂಬಿ ಪಕ್ಕಕ್ಕಿಟ್ಟೆ. ಒಂದು ಕಡೆ ಬೆರಳುದ್ದದ ಬಟ್ಟೆ ಚೂರು ಸಿಕ್ಕಿತು, ಮುಟ್ಟಿದರೆ ಪುಡಿಯಾಗುವಂಥದ್ದು. ಅಂಚಲ್ಲಿ ಅಮ್ಮನ ಹೊಲಿಗೆ. ಅಪ್ಪನ್ನ ಇಳಿಸೋ ಮೊದಲು ಅಮ್ಮನ ಪೆಟ್ಟಿಗೆ ಮೇಲೆ, ಅವರಿಬ್ಬರ ಮಧ್ಯೆ ಬರೋ ಹಾಗೆ, ಆ ಬಕೆಟ್ಟು ಸುರಿದೆ. ಅಮ್ಮ ಕೇಳಿದ್ದು ಅಷ್ಟು ಆಯ್ತು.

ಆದರೆ ಮೂರನೇ ಬಕೆಟ್ಟು, ಅಕ್ಕಾ. ಅದು ರಸ್ತೆಗೆ ಹೋಯ್ತು. ಹುಡುಕೋಕೆ ಹೋದೆ. ಮೇಲೆ ಜಲ್ಲಿ ಹಾಕಿ ರೋಲರ್ ಓಡಿಸಿದ್ದಾರೆ. ಎಷ್ಟು ಇಲ್ಲಿ ಬಂತು, ಎಷ್ಟು ಅಲ್ಲಿ ಉಳೀತು, ಯಾರಿಗೆ ಗೊತ್ತು. ದಿನಾ ಅದರ ಮೇಲೆ ಲಾರಿ ಹೋಗ್ತವೆ. ನಾನು ಕೆಲಸಕ್ಕೆ ಆ ದಾರಿ ಬಿಟ್ಟು ಸುತ್ತಿಕೊಂಡು ಹೋಗ್ತಿದ್ದೀನಿ. ಹಿತ್ತಲ ಗುಂಡಿ ಮುಚ್ಚಿಸಿದೆ. ಹೊಸ ಕಕ್ಕಸು ಇನ್ನು ಯಾರಿಗೆ?

ಭಾನುವಾರ ಇಬ್ಬರ ಹೆಸರಲ್ಲೂ ಒಂದೇ ಪೂಜೆ ಆಯ್ತು. ನೀನು ಬರೆದದ್ದೆಲ್ಲ ಓದಿದೆ. ಮುಂದಿನ ಬೆಂಚಿನ ಮುದುಕಿಯರ ಮಾತಿಗೆ ಜನ ನಕ್ಕರು. ಕೊನೇಲಿ "ಮೂವರು ಮಕ್ಕಳ ತಾಯಿ" ಅಂದೆ. ಯಾರೋ ಕೆಮ್ಮಿದರು. ನಾನು ಇನ್ನೊಂದು ಸಲ ಅಂದೆ.

ಆಮೇಲೆ ಗುರುಗಳಿಗೆ ಎಲ್ಲ ಹೇಳಿದೆ. "ಪ್ರಾಣ ಹೋಗೋ ಹೊತ್ತಲ್ಲಿ ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನ ಕೊಡಬಹುದಿತ್ತಲ್ಲ. ಗುರುಗಳೇ ಬೇಕಿಲ್ಲ. ತಾಯೀನೇ ಹಾಕಬಹುದಿತ್ತು. ಆಗಲೂ ಅದೇ ನಿಯಮ" ಅಂದರು. ಅಪ್ಪ ಓಡಬೇಕಾಗೇ ಇರಲಿಲ್ಲವಂತೆ. ಅದನ್ನ ಕೇಳಿದ ಮೇಲೆ ನನಗೆ ಅನ್ನ ಇಳೀತಿಲ್ಲ. ನೀನು ದಾದಿ, ಇಂಥದ್ದೆಲ್ಲ ನಿನಗೆ ಗೊತ್ತಿರುತ್ತೆ. ಅಮ್ಮನಿಗೆ ಗೊತ್ತಿತ್ತಾ? ಇರಲಿಲ್ಲ ಅಂತ ಬರಿ, ಅಕ್ಕಾ.

ಇನ್ನೂ ಎರಡು ಕೇಳಬೇಕು. ಅದು ಗಂಡಾ, ಹೆಣ್ಣಾ? ಕಾಗದದಲ್ಲಿ ಎಲ್ಲೂ ನೀನು ಹೇಳಿಲ್ಲ. ಆಮೇಲೆ ಕಲ್ಲು. "ಇಬ್ಬರು" ಕೆತ್ತಿ ತೆಗೆದು "ಮೂವರು" ಕೂರಿಸಿದ್ದೀನಿ, ಸ್ವಲ್ಪ ಸೊಟ್ಟಗಿದೆ. "ಗಂಡನ ಮಾತು ಎಂದೂ ಮೀರದವಳು" ಅನ್ನೋ ಆ ಎರಡನೇ ಸಾಲನ್ನ ಏನು ಮಾಡಲಿ? ಉಳಿ ಹಿಡಿದು ಎರಡು ಸಲ ಕೂತೆ. ಕೈ ಏಳಲಿಲ್ಲ. ನೀನು ಹೇಳಿದ ಹಾಗೆ ಮಾಡ್ತೀನಿ.

ತಮ್ಮ

*

ಏಪ್ರಿಲ್ 10

ತಮ್ಮಾ,

ಹೆಣ್ಣು. ತಲೆ ತುಂಬ ಕೂದಲಿತ್ತು. ಕಿವಿ ನಿನ್ನ ಥರ, ಸ್ವಲ್ಪ ಹೊರಗೆ ಬಂದಿತ್ತು.

ನಿನ್ನ ಎರಡೂ ಕಾಗದ ಇಟ್ಟಿದ್ದೀನಿ. ಹದಿನಾರರದ್ದು ಕೋಪದಲ್ಲಿ ಬರೆದದ್ದು ಅಂತ ನನಗೆ ಗೊತ್ತು. ಆ ಚಿಲಕದ ಬಗ್ಗೆ ನಾನು ಸಮಾಧಾನ ಹೇಳಲ್ಲ, ಹೇಳಿದರೆ ನೀನು ನಂಬಲ್ಲ. ಅಪ್ಪನಿಗೆ ಗುಂಡಿ ತೋಡಿದವನು ನೀನೇ ಅನ್ನೋದೂ ಅಷ್ಟೇ ನಿಜ. ಊಟ ಮಾಡು.

ನೀನು ಕೇಳಿದ್ದಕ್ಕೆ ಸುಳ್ಳು ಬರೆಯೋಣ ಅಂತಲೇ ಕೂತೆ. ಒಂದು ಹಾಳೆ ಬರೆದೂ ಆಯ್ತು, ಹರಿದು ಹಾಕಿದೆ. ದಾದಿ ಕೆಲಸ ಕಲಿಯೋಕೆ ಹೋದ ಮೊದಲ ವಾರವೇ ಅಲ್ಲಿನ ಸನ್ಯಾಸಿನಿಯರು ನಮಗೆ ಹೇಳಿಕೊಟ್ಟರು, ಮಗು ಉಳಿಯಲ್ಲ ಅಂತ ಕಂಡರೆ ನೀರು ಹಾಕಿ ಈ ಮಾತು ಹೇಳಿ, ಗುರುಗಳನ್ನ ಕಾಯಬೇಡಿ ಅಂತ. ರಜಕ್ಕೆ ಮನೆಗೆ ಬಂದವಳು ಅಮ್ಮನ್ನ ಕೇಳಿಬಿಟ್ಟೆ. ಅವಳು ಬಟ್ಟೆ ಹಿಂಡ್ತಾ ಇದ್ದಳು. ತಲೆ ಎತ್ತದೆ ಹೇಳಿದಳು:

"ಗೊತ್ತಿತ್ತು ಕಣೇ. ಚಿಕ್ಕವಳಿದ್ದಾಗ ನಮಗೂ ಕಲಿಸಿದ್ದರು. ನಿಮ್ಮಪ್ಪ ಕಾಯಿ ಅಂದರಲ್ಲ."

ಆಮೇಲೆ ನೀರು ತಗೊಂಡು ಹಿತ್ತಲಿಗೆ ಹೋದಳು.

ಆ ಸಾಲು ತೆಗೀಬೇಡ. ಅವಳು ಮೀರಲಿಲ್ಲ, ಅದು ಸುಳ್ಳಲ್ಲ. ಓದಿದವರು ಏನಾದರೂ ಅಂದುಕೊಳ್ಳಲಿ. ಆದರೆ ನಿನ್ನ ಮಗಳು ದೊಡ್ಡವಳಾಗಿ ಕಲ್ಲಿನ ಮುಂದೆ ನಿಂತು ಅದನ್ನ ಓದ್ತಾಳಲ್ಲ, ಅವತ್ತು ನೀನು ಪಕ್ಕದಲ್ಲಿರು. ಅದು ಹೊಗಳಿಕೆ ಅಂತ ಅವಳಿಗೆ ಹೇಳಬೇಡ.

ಅಕ್ಕ